ಸಲಾಡ್ ಡ್ರೆಸ್ಸಿಂಗ್ ಇಂಪೋರ್ಟ್ ಮಾಡೋರು ಎಚ್‌ಎಸ್ ಕೋಡ್ ಹುಡುಕೋದು ಹೇಗೆ

ಡ್ರೆಸ್ಸಿಂಗ್‌ಗೆ ಯಾವ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲನ್ನ ವಿಂಗಡಿಸೋ ಹಾರ್ಮೊನೈಸ್ಡ್ ಸಿಸ್ಟಮ್ ನಂಬರ್) ಅಂತ ಕೇಳಿದ್ರೆ ಜಾಸ್ತಿ ಜನ ಥಟ್ ಅಂತ 2103.90 ಅಂದ್ಬಿಡ್ತಾರೆ, ಬಹಳಷ್ಟು ಸಲ ಅದು ಸರಿನೂ ಇರತ್ತೆ. ಆದ್ರೆ ಬಾಟಲಿ ಮೇಲೆ ಡ್ರೆಸ್ಸಿಂಗ್ ಅಂತ ಬರೆದಿರೋದೆಲ್ಲಾ ಅಲ್ಲಿಗೇ ಹೋಗಲ್ಲ, ಕಸ್ಟಮ್ಸ್‌ನೋರು ಲೇಬಲ್ ಮೇಲಿನ ಹೆಸರಿಗಿಂತ ಒಳಗೇನಿದೆ, ಎಷ್ಟಿದೆ, ಯಾತಕ್ಕೆ ಬಳಸ್ತಾರೆ ಅನ್ನೋದನ್ನ ನೋಡ್ತಾರೆ. ಹಾಗಾಗಿ ಕೋಡ್ ಹುಡುಕೋಕೆ ಕೂರೋ ಮುಂಚೆ ಸಪ್ಲೈಯರ್ ಹತ್ರ ಪೂರ್ತಿ ಇಂಗ್ರೀಡಿಯೆಂಟ್ ಶೀಟ್ ತರಿಸ್ಕೊಳ್ಳಿ, ಪ್ರತಿಯೊಂದಕ್ಕೂ ತೂಕದ ಶೇಕಡಾವಾರು ಇರ್ಬೇಕು. ಫಾರ್ಮುಲಾ ಸೀಕ್ರೆಟ್ ಅಂತ ಅವ್ರು ಕೊಡಲ್ಲ ಅಂದ್ರೂ ಬಿಡ್ಬೇಡಿ, ಅದಿಲ್ದೆ ಮಾಡೋ ಕ್ಲಾಸಿಫಿಕೇಶನ್ ಬರೀ ಊಹೆ.

ಎಚ್‌ಎಸ್‌ನಲ್ಲಿ ಮೊದಲ ಆರು ಅಂಕಿ ಎಲ್ಲಾ ದೇಶಕ್ಕೂ ಒಂದೇ, ಆಮೇಲಿಂದು ಆಯಾ ದೇಶದ್ದು, ಭಾರತದಲ್ಲಿ ಎಂಟು ಅಂಕಿ, ಅಮೆರಿಕದಲ್ಲಿ ಹತ್ತು. ಮೊದಲ ಎರಡು ಅಂಕಿಗೆ ಚಾಪ್ಟರ್ ಅಂತಾರೆ, ಮೊದಲ ನಾಲ್ಕಕ್ಕೆ ಹೆಡಿಂಗ್. 2103 ಅಂದ್ರೆ ಸಾಸ್‌ಗಳು, ಸಾಸ್ ಮಾಡೋ ತಯಾರಿಗಳು, ಮಿಶ್ರ ಮಸಾಲೆ ಥರದವು, ಸಾಸಿವೆ ಪುಡಿ, ತಯಾರಿಸಿದ ಸಾಸಿವೆ. ಅದ್ರೊಳಗೆ 2103.10 ಸೋಯಾ ಸಾಸ್, 2103.20 ಟೊಮ್ಯಾಟೊ ಕೆಚಪ್ ಮತ್ತೆ ಬೇರೆ ಟೊಮ್ಯಾಟೊ ಸಾಸ್, 2103.30 ಸಾಸಿವೆದು, ಉಳಿದಿದ್ದೆಲ್ಲಾ 2103.90. ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಶನ್‌ನ ವಿವರಣಾ ಟಿಪ್ಪಣಿಯಲ್ಲಿ ಮೇಯನೀಸು, ಸಲಾಡ್ ಡ್ರೆಸ್ಸಿಂಗು ಎರಡನ್ನೂ 2103ರ ಉದಾಹರಣೆಯಾಗಿ ಹೆಸರಿಟ್ಟೇ ಹೇಳಿದ್ದಾರೆ.

ಒಂದು ಸೀಸರ್ ಡ್ರೆಸ್ಸಿಂಗ್ ತಗೊಂಡು ನೋಡೋಣ. ಶೀಟ್‌ನಲ್ಲಿ ಎಣ್ಣೆ 45%, ನೀರು 28%, ವಿನೆಗರ್ 9%, ಚೀಸ್ 6%, ಮೊಟ್ಟೆಯ ಹಳದಿ 4%, ಆಂಚೋವಿ ಮೀನು 2%, ಉಪ್ಪು ಸಕ್ಕರೆ ಬೆಳ್ಳುಳ್ಳಿ ಎಲ್ಲಾ ಸೇರಿ 6% ಇದೆ ಅಂತಿಟ್ಕೊಳ್ಳಿ. ಎಣ್ಣೆನೇ ಜಾಸ್ತಿ ಅಂತ ಎಣ್ಣೆ ಕೊಬ್ಬಿನ 15ನೇ ಚಾಪ್ಟರ್‌ಗೆ ಓಡ್ಬೇಡಿ, ವಿನೆಗರ್ ಮೊಟ್ಟೆ ಜೊತೆ ಕದಡಿ ಎಮಲ್ಷನ್ ಆದ್ಮೇಲೆ ಅದು ಸಾಸ್, ಮತ್ತೆ ಎಚ್‌ಎಸ್ ಅರ್ಥ ಮಾಡ್ಕೊಳ್ಳೋಕಿರೋ ಸಾಮಾನ್ಯ ನಿಯಮಗಳಲ್ಲಿ ನಿಯಮ 1ರ ಪ್ರಕಾರ ಹೆಡಿಂಗ್‌ನ ಮಾತು ಮತ್ತೆ ಸೆಕ್ಷನ್, ಚಾಪ್ಟರ್ ನೋಟ್‌ಗಳೇ ಮೊದಲು. ಮೀನಿದೆ ಅಂತ 16ಕ್ಕೂ ಹೋಗಲ್ಲ. ಮಾಂಸ ಮೀನು 20%ಗಿಂತ ಜಾಸ್ತಿ ಇದ್ರೆ 16ನೇ ಚಾಪ್ಟರ್ ಅನ್ನೋ ನಿಯಮ ಎಲ್ರಿಗೂ ಗೊತ್ತು, ಆದ್ರೆ 2103ರ ಪದಾರ್ಥಗಳಿಗೆ ಆ ನೋಟ್‌ನಲ್ಲೇ ವಿನಾಯಿತಿ ಇದೆ, ತುಂಬಾ ಜನ ಆ ಸಾಲು ಓದೋದೇ ಇಲ್ಲ. ಹಾಗಾಗಿ ಇದು 2103.90.

ತಲೆಬಿಸಿ ಆಗೋದು ಗಡಿಯಲ್ಲಿರೋ ಮಾಲುಗಳಲ್ಲಿ. ಬರೀ ಬಾಲ್ಸಾಮಿಕ್ ವಿನೆಗರನ್ನ ಡ್ರೆಸ್ಸಿಂಗ್ ಅಂತ ಮಾರ್ತಿದ್ರೂ ಅದು 2209, ಬರೀ ಆಲಿವ್ ಎಣ್ಣೆ ಆದ್ರೆ 1509. ಮೊಸರಿನ ಡ್ರೆಸ್ಸಿಂಗ್ ಇದ್ಯಲ್ಲ ಅದಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡಿ, ಯಾಕಂದ್ರೆ 2022ರ ಎಚ್‌ಎಸ್‌ನಲ್ಲಿ 0403ರ ಮೊಸರಿಗೆ ಮಸಾಲೆ, ಗಿಡಮೂಲಿಕೆ ಥರದ್ದು ಸೇರಿದ್ರೂ ಮೊಸರಿನ ಮೂಲ ಗುಣ ಉಳಿದಿದ್ರೆ ಅಲ್ಲೇ ಇರ್ಬಹುದು ಅಂತ ಮಾಡಿದ್ದಾರೆ, ಎಣ್ಣೆ ವಿನೆಗರ್ ಮೊಟ್ಟೆ ಹಾಕಿ ಸುರಿಯೋ ಸಾಸ್ ಆಗಿದ್ರೆ 2103 ಕಡೆ ವಾದ ಗಟ್ಟಿ. ಹನಿ ಮಸ್ಟರ್ಡ್‌ನಲ್ಲಿ ಸಾಸಿವೆ ಪೇಸ್ಟೇ ಮುಖ್ಯನಾ ಇಲ್ಲಾ ಎಣ್ಣೆಯ ಎಮಲ್ಷನ್‌ಗೆ ಸಾಸಿವೆ ರುಚಿ ಕೊಟ್ಟಿದ್ದಾ ನೋಡಿ, ಮೊದಲನೇದಾದ್ರೆ 2103.30 ಕೇಳ್ಬಹುದು. ನೀರೋ ಹಾಲೋ ಬೆರೆಸಿದ್ರೆ ಡ್ರೆಸ್ಸಿಂಗ್ ಆಗೋ ಪುಡಿ ಪ್ಯಾಕೆಟ್ ಕೂಡ 2103ನೇ, ಸಾಸ್ ಮಾಡೋ ತಯಾರಿ ಅಂತ ಹೆಡಿಂಗ್‌ನಲ್ಲೇ ಇದೆ.

ತರಕಾರಿ ಹಣ್ಣಿನ ಚೂರು ತುಂಬಿರೋ ಡ್ರೆಸ್ಸಿಂಗ್ ಬಂದ್ರೆ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ, ಅದೂ ವಿವರಣಾ ಟಿಪ್ಪಣಿಯದ್ದೇ: ಇದನ್ನ ಜನ ಹಾಗೇ ತಿಂತಾರಾ, ಇಲ್ಲಾ ಬೇರೆ ತಿಂಡಿ ಜೊತೆ ಹಾಕ್ಕೊಳ್ತಾರಾ? ಹೆಚ್ಚಿನಂಶ ದ್ರವ ಅಥವಾ ಎಮಲ್ಷನ್ ಆಗಿದ್ದು, ಒಂಟಿಯಾಗಿ ತಿನ್ನೋಕಲ್ಲ ಅಂದ್ರೆ ಚೂರು ಕಣ್ಣಿಗೆ ಕಂಡ್ರೂ 2103, ಇಲ್ಲಾಂದ್ರೆ ತಯಾರಿಸಿದ ತರಕಾರಿ ಹಣ್ಣಿನ 20ನೇ ಚಾಪ್ಟರ್ ಯೋಚಿಸ್ಬೇಕು. ಇದಕ್ಕೆ ಲೇಬಲ್ಲು, ಬಳಸೋ ವಿಧಾನ, ಬಾಟಲಿ ಫೋಟೋ ಎಲ್ಲಾ ಸಾಕ್ಷಿ ಆಗತ್ತೆ, ಎತ್ತಿಟ್ಕೊಳ್ಳಿ. ಸೊಪ್ಪು, ಬ್ರೆಡ್ ಚೂರು, ಡ್ರೆಸ್ಸಿಂಗ್ ಸ್ಯಾಶೆ ಒಂದೇ ಡಬ್ಬಿಯಲ್ಲಿ ಬರೋ ಸಲಾಡ್ ಕಿಟ್ ಬೇರೆ ಕಥೆ, ಅಲ್ಲಿ ರಿಟೇಲ್ ಸೆಟ್‌ನ ಸಾಮಾನ್ಯ ನಿಯಮ 3(ಬಿ), ಅಂದ್ರೆ ಸೆಟ್‌ಗೆ ಮೂಲ ಗುಣ ಕೊಡೋ ಪದಾರ್ಥದ ಕೋಡೇ ಪೂರ್ತಿ ಸೆಟ್‌ಗೆ ಅನ್ನೋದನ್ನ ನೋಡ್ಬೇಕು, ಡ್ರೆಸ್ಸಿಂಗ್ ಇದೆ ಅಂದ ಮಾತ್ರಕ್ಕೆ ಕಿಟ್ ಪೂರ್ತಿ 2103 ಆಗಲ್ಲ.

ಇಷ್ಟೆಲ್ಲಾ ನೋಡಿದ್ಮೇಲೂ ಅನುಮಾನ ಉಳಿದ್ರೆ ಅಡ್ವಾನ್ಸ್ ರೂಲಿಂಗ್ (ಮಾಲು ಬರೋ ಮುಂಚೆನೇ ಯಾವ ಕೋಡ್ ಅಂತ ಅಧಿಕೃತವಾಗಿ ಕೊಡೋ ಲಿಖಿತ ತೀರ್ಮಾನ) ಕೇಳಿ, ಶಿಪ್‌ಮೆಂಟ್ ಹೊರಡೋ ಮುಂಚೆನೇ. 2017ರಲ್ಲಿ ಜಾರಿಗೆ ಬಂದ ಡಬ್ಲ್ಯುಟಿಒ ಟ್ರೇಡ್ ಫೆಸಿಲಿಟೇಶನ್ ಒಪ್ಪಂದದಲ್ಲಿ ಅಡ್ವಾನ್ಸ್ ರೂಲಿಂಗ್ ಕೊಡೋ ವ್ಯವಸ್ಥೆ ಇದೆ. ಅಮೆರಿಕದ ಕ್ರಾಸ್, ಯುರೋಪಿನ ಇಬಿಟಿಐ ಡೇಟಾಬೇಸ್‌ಗಳಲ್ಲಿ ಹಳೇ ರೂಲಿಂಗ್‌ಗಳನ್ನ ಯಾರ್ ಬೇಕಾದ್ರೂ ಓದ್ಬಹುದು, ಬೇರೆ ದೇಶದ್ದು ನಿಮ್ಮ ಕಸ್ಟಮ್ಸನ್ನ ಕಟ್ಟಿಹಾಕಲ್ಲ ಆದ್ರೂ ತರ್ಕ ಹೇಗೆ ಕಟ್ತಾರೆ ಅನ್ನೋದು ಅಲ್ಲಿ ಚೆನ್ನಾಗಿ ಸಿಗತ್ತೆ. ಅರ್ಜಿ ಜೊತೆ ಶೀಟು, ಲೇಬಲ್ಲು, ತಯಾರಿಸೋ ವಿಧಾನ ಎಲ್ಲಾ ಕೊಡಿ, ರೂಲಿಂಗ್ ಅನ್ವಯ ಆಗೋದು ನೀವು ಹೇಳಿದ ಆ ಫಾರ್ಮುಲಾಗೆ ಮಾತ್ರ. ಸಪ್ಲೈಯರ್ ರೆಸಿಪಿ ಬದಲಾಯಿಸಿದ್ರೆ ತಿಳಿಸ್ಲೇಬೇಕು ಅಂತ ಕಾಂಟ್ರಾಕ್ಟ್‌ನಲ್ಲೇ ಬರೆಸ್ಕೊಂಡ್ಬಿಡಿ, ಜೊತೆಗೆ ಎಚ್‌ಎಸ್‌ನ ಮುಂದಿನ ಆವೃತ್ತಿ 2028ರ ಜನವರಿ 1ಕ್ಕೆ ಬರತ್ತೆ, ಆಗ ಎಲ್ಲಾ ಕೋಡ್‌ಗಳನ್ನೂ ಹೊಸ ಪುಸ್ತಕದ ಜೊತೆ ಮತ್ತೊಮ್ಮೆ ತಾಳೆ ನೋಡಿ.