ಯಾವಾಗ ನಡೀತಾರೆ ಅಂತ ಕೇಳುವ ಮೊದಲು

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬೆನ್ನುಹುರಿಯ ಗಡ್ಡೆಗೆ ಬೆಂಗಳೂರಲ್ಲೋ ಮಣಿಪಾಲದಲ್ಲೋ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದವರ ಮನೆಗೆ ಹೋಗುತ್ತೇನೆ. ಚಪ್ಪಲಿ ಬಿಡುವಷ್ಟರಲ್ಲೇ ಮನೆಯವರು ಕೇಳುವ ಮಾತು ಒಂದೇ: "ಮೇಡಂ, ಯಾವಾಗ ನಡೀತಾರೆ?"

ಮೊದಲೆಲ್ಲ ನಾನೂ ಆ ಪ್ರಶ್ನೆಯ ಹಿಂದೆಯೇ ಓಡುತ್ತಿದ್ದೆ. ಶುರುವಿನ ವರ್ಷಗಳಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ನನ್ನ ಹತ್ತಿರ ಬರುತ್ತಿದ್ದರು. ಕಾಲಿಗೆ ಚೆನ್ನಾಗಿ ಶಕ್ತಿ ಬರುತ್ತಿತ್ತು. ದಿನಾ ಎರಡು ಹೆಜ್ಜೆ ಜಾಸ್ತಿ ಹಾಕಿಸುತ್ತಿದ್ದೆ. ಮೂರನೇ ವಾರ ಚಳಿಜ್ವರ ಬಂದು ಆಸ್ಪತ್ರೆ ಸೇರಿದರು. ಮೂತ್ರದ ಸೋಂಕು. ಬಟ್ಟೆಯಲ್ಲೇ ಆಗಿಬಿಡುತ್ತದೆ ಎಂಬ ಹೆದರಿಕೆಗೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಒಳಗೆ ಮೂತ್ರ ಪೂರ್ತಿ ಖಾಲಿಯಾಗದೆ ನಿಂತಿತ್ತು. ನಾನು ಒಂದು ದಿನವೂ ಕೇಳಿರಲಿಲ್ಲ, ಅವರು ನಾಚಿಕೆಗೆ ಹೇಳಿರಲಿಲ್ಲ. ಗಳಿಸಿದ ಹೆಜ್ಜೆಗಳೆಲ್ಲ ಹೋದವು. ಆ ತಪ್ಪು ನನ್ನದೇ. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು: "ಯಾವ ಕೆಲಸ ನೀವೊಬ್ಬರೇ ಮಾಡಿಕೊಳ್ಳಬೇಕು ಅಂತ ಆಸೆ?"

ಸಾಗರದ ಕಡೆಯ ಒಬ್ಬ ಅಮ್ಮ ಇದಕ್ಕೆ ತಕ್ಷಣ ಉತ್ತರ ಕೊಟ್ಟರು. "ಬಚ್ಚಲಿಗೆ ಒಬ್ಬಳೇ ಹೋಗ್ಬೇಕು ಮಗಾ. ಸೊಸೆ ಎದುರಿಗೆ ಕೂರಕ್ಕೆ ಆಗಲ್ಲ."

ಐವತ್ತೆರಡು ವರ್ಷ, ಅಡಿಕೆ ತೋಟದ ಮನೆ. ಎಂಟು ತಿಂಗಳು ಮಂಡಿ ಸವೆತ ಅಂತಲೇ ಮಾತ್ರೆ ನುಂಗಿದ್ದರು. ನಡೆಯುವಾಗ ಎಡಗಾಲಿನ ಹವಾಯಿ ಚಪ್ಪಲಿ ಎಲ್ಲೋ ಜಾರಿ ಬಿದ್ದಿರುತ್ತಿತ್ತು, ಇವರು ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಎದೆಯ ಸುತ್ತ ಪಟ್ಟಿ ಬಿಗಿದ ಹಾಗೆ ಅನಿಸುತ್ತಿತ್ತು. ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಮಂಡಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ, ನರದ ಡಾಕ್ಟರಿಗೂ ತೋರಿಸಿ. ಎಂಆರ್‌ಐನಲ್ಲಿ ಬೆನ್ನಿನ ನಡುಭಾಗದಲ್ಲಿ ಮೆನಿಂಜಿಯೋಮಾ ಕಂಡಿತು. ಬೆನ್ನುಹುರಿಯ ಹೊದಿಕೆಯಿಂದ ಬೆಳೆಯುವ ಗಡ್ಡೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದಿದ್ದರು.

"ಗಡ್ಡೆ ತೆಗೆದಾಯ್ತಲ್ಲ, ಮತ್ತೆ ಕಾಲು ಯಾಕೆ ಏಳ್ತಿಲ್ಲ?" ಅಂತ ಮಗ ಕೇಳಿದ. ತಿಂಗಳುಗಟ್ಟಲೆ ಅದುಮಿಸಿಕೊಂಡ ಹುರಿಗೆ ಆಪರೇಷನ್ ಜಾಗ ಮಾಡಿಕೊಡುತ್ತದೆ. ಚೇತರಿಸಿಕೊಳ್ಳುವ ಕೆಲಸ ಹುರಿಯದ್ದು, ಅದು ನಿಧಾನ. ಎಷ್ಟು ವಾಪಸ್ ಬರುತ್ತದೆ ಅನ್ನುವುದು ಆಪರೇಷನ್‌ಗೆ ಮುಂಚೆ ಕಾಲು ಎಷ್ಟು ಕೆಲಸ ಮಾಡುತ್ತಿತ್ತು ಎಂಬುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ. ಧೈರ್ಯ ತುಂಬಲು ನಾನು 1887ರ ಕಥೆ ಹೇಳುತ್ತೇನೆ. ಲಂಡನ್ನಿನಲ್ಲಿ ವಿಲಿಯಂ ಗವರ್ಸ್ ಎಂಬ ವೈದ್ಯರು ಸ್ಕ್ಯಾನ್ ಇಲ್ಲದೆ, ಬರೀ ಪರೀಕ್ಷೆ ಮಾಡಿ, ಗಡ್ಡೆ ಇರುವ ಜಾಗ ಅಂದಾಜು ಮಾಡಿದರು. ವಿಕ್ಟರ್ ಹಾರ್ಸ್ಲಿ ತೆಗೆದರು. ಕಾಲು ಬಿದ್ದುಹೋಗಿದ್ದ ಆ ರೋಗಿ ಮತ್ತೆ ನಡೆದರು. ಮಗ ಇದನ್ನು ಎರಡು ಸಲ ಹೇಳಿಸಿಕೊಂಡ.

ಮೊದಲ ದಿನ ವ್ಯಾಯಾಮ ಮಾಡಿಸುವುದಿಲ್ಲ. ಗಾಯ ನೋಡುತ್ತೇನೆ. ನೀರಿನಂತೆ ತಿಳಿಯಾಗಿ ಒಸರುತ್ತಿದ್ದರೆ, ಎದ್ದು ಕೂತರೆ ತಲೆ ಸಿಡಿದು ಮಲಗಿದರೆ ಕಡಿಮೆಯಾಗುತ್ತಿದ್ದರೆ, ಅಲ್ಲಿಂದಲೇ ಸರ್ಜನ್‌ಗೆ ಫೋನ್. ಅದು ಬೆನ್ನುಹುರಿಯ ದ್ರವ ಸೋರುವ ಲಕ್ಷಣ. ಒಂದು ಮೀನಖಂಡ ಮಾತ್ರ ಊದಿದ್ದರೂ, ಇದ್ದ ಶಕ್ತಿ ಕಡಿಮೆಯಾಗಿದ್ದರೂ ಹಾಗೆಯೇ. ಆಮೇಲೆ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ ನೋಡುತ್ತೇನೆ, ಚರ್ಮ ಕೆಂಪಾಗಿದೆಯಾ ಅಂತ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹೊರಳಿಸುವಾಗ ಭುಜ, ಸೊಂಟ ಒಟ್ಟಿಗೆ ತಿರುಗಬೇಕು, ಮರದ ದಿಮ್ಮಿ ಹೊರಳಿಸಿದ ಹಾಗೆ. ಸೊಸೆ ಎರಡನೇ ದಿನಕ್ಕೇ ನನಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಆದರೂ ಒಂದು ಅನಾಹುತ ಆಯಿತು. ಪಾದ ತಣ್ಣಗಿದೆ ಅಂತ ಅವಳೇ ಪ್ರೀತಿಯಿಂದ ಬಿಸಿನೀರಿನ ಚೀಲ ಇಟ್ಟಿದ್ದಳು. ಅಮ್ಮನಿಗೆ ಸುಟ್ಟಿದ್ದು ಗೊತ್ತೇ ಆಗಲಿಲ್ಲ. ಬೊಬ್ಬೆ ಎದ್ದು, ಒಣಗಲು ಒಂದು ತಿಂಗಳು ಹಿಡಿಯಿತು. ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ತಾಗಿಸಲೇಬೇಡಿ. ಸ್ನಾನದ ನೀರನ್ನೂ ಮೊದಲು ಬೇರೆಯವರು ಕೈಯಲ್ಲಿ ಮುಟ್ಟಿ ನೋಡಲಿ.

ಇನ್ನೊಂದು ವಿಷಯ ಪ್ರತಿ ಮನೆಯಲ್ಲೂ ನಡೆಯುತ್ತದೆ. ಒಂದು ಬೆಳಗ್ಗೆ ಮಗ ಖುಷಿಯಿಂದ ಫೋನ್ ಮಾಡಿದ: "ಮೇಡಂ, ಕಾಲು ಆಡ್ತಿದೆ! ತಾನಾಗೇ ಮೇಲೆ ಹಾರ್ತಿದೆ!" ಹೋಗಿ ನೋಡಿದೆ. ಹೊದಿಕೆ ಎಳೆದರೆ ಸಾಕು, ಮಂಡಿ ಮಡಚಿಕೊಂಡು ಕಾಲು ಸೆಟೆಯುತ್ತಿತ್ತು. ಅದು ಬಿಗಿತ, ಮನಸ್ಸು ಹೇಳಿ ಆಡಿಸಿದ ಕಾಲಲ್ಲ. ಆ ಮನೆಯ ಸಂತೋಷದ ಮುಖ ನೋಡಿ ಇದನ್ನು ಹೇಳುವುದು ನನ್ನ ಕೆಲಸದಲ್ಲಿ ಅತಿ ಕಷ್ಟದ್ದು. "ಅಮ್ಮ, ಕಣ್ಣು ಮುಚ್ಚಿ. ಹೆಬ್ಬೆರಳು ಮೇಲೆತ್ತಿ ಅಂದಾಗ ಮಾತ್ರ ಎತ್ತಿ" ಅಂದೆ. ಬೆರಳು ಏಳಲಿಲ್ಲ. ಆರು ವಾರದ ನಂತರ ಎದ್ದಿತು, ಒಂದು ಅಕ್ಕಿಕಾಳಿನಷ್ಟು. ಅಷ್ಟು ಸಾಕಿತ್ತು. ಬಿಗಿತಕ್ಕೆ ದಿನಾ ಮೀನಖಂಡ ಎಳೆದು ಹಿಡಿಯುವುದು, ಜೊತೆಗೆ ಡಾಕ್ಟರ್ ಬರೆದ ಬ್ಯಾಕ್ಲೋಫೆನ್. ಆ ಮಾತ್ರೆಯನ್ನು ಮಾತ್ರ ತಟ್ಟನೆ ನಿಲ್ಲಿಸಬಾರದು, ಅಪಾಯ.

ಮೂತ್ರಕ್ಕೆ ಹಾಕಿದ್ದ ಪೈಪನ್ನು ಡಾಕ್ಟರ್ ತೆಗೆಸಿ, ನಾಲ್ಕೈದು ಗಂಟೆಗೊಮ್ಮೆ ತೆಳು ಕ್ಯಾಥೆಟರ್ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ನರ್ಸ್ ಕಲಿಸಿದರು. ಕನ್ನಡಿ ಹಿಡಿದುಕೊಂಡು ಅಮ್ಮ ತಾವೇ ಕಲಿತರು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇದರ ಲೆಕ್ಕ: ಎಷ್ಟು ಕುಡಿದರು, ಎಷ್ಟು ಬಂತು. ಒಂದು ಸಲಕ್ಕೆ 400ರಿಂದ 500 ಮಿಲಿ ದಾಟಿದರೆ ಅಂತರ ಜಾಸ್ತಿಯಾಗಿದೆ ಅಂತ ಅರ್ಥ. ಮಲವಿಸರ್ಜನೆಗೂ ದಿನಾ ಒಂದೇ ಹೊತ್ತು ಗೊತ್ತು ಮಾಡಿದೆವು, ತಿಂಡಿ ಆದ ಅರ್ಧ ಗಂಟೆಗೆ.

ಬಚ್ಚಲಿಗೆ ಹೋಗಲು ಕಾಲಿಗಿಂತ ಹೊಸಿಲೇ ದೊಡ್ಡ ಅಡ್ಡಿ. ಆರು ಇಂಚು ಎತ್ತರ. ಮಗ ಸಿಮೆಂಟಿನ ಇಳಿಜಾರು ಹಾಕಿಸಿದ, ಗೋಡೆಗೆ ಸ್ಟೀಲಿನ ಹಿಡಿ ಕೂರಿಸಿದ, ಕುಕ್ಕರಗಾಲಲ್ಲಿ ಕೂರುವ ಶೌಚದ ಮೇಲೆ ಕಮೋಡ್ ಚೇರ್ ಇಟ್ಟ. ನಾವು ಅಭ್ಯಾಸ ಮಾಡಿದ್ದೂ ಅದನ್ನೇ: ಮಂಚದಿಂದ ಏಳುವುದು, ವಾಕರ್ ಹಿಡಿದು ತಿರುಗುವುದು, ಹಿಂದೆ ಕುರ್ಚಿ ತಾಗಿದ ಮೇಲೆ ಕೂರುವುದು. ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ವಾಕರ್ ತಳ್ಳಿಕೊಂಡು ಒಳಗೆ ಹೋದರು. ಚಿಲಕ ಹಾಕಬೇಡಿ ಅಂತ ಹೇಳಿದ್ದೆ. ಹಾಕಿದರು. ನಾನೂ ಸೊಸೆಯೂ ಹೊರಗೆ ಉಸಿರು ಬಿಗಿಹಿಡಿದು ನಿಂತೆವು. ಹತ್ತು ನಿಮಿಷ ಬಿಟ್ಟು ಬಂದವರು ಏನೂ ಹೇಳಲಿಲ್ಲ, "ಕಾಫಿ ಕುಡೀತೀಯಾ?" ಅಂದರು. ಈಗ ಚಿಲಕವನ್ನು ಹೊರಗಿನಿಂದಲೂ ತೆಗೆಯಲು ಬರುವ ಹಾಗೆ ಮಾಡಿಸಿದ್ದೇವೆ.

ನಡೆಯಲು ಬಂದವರೆಲ್ಲ ಸುಖವಾಗಿದ್ದಾರೆ ಅಂತಲೂ ಅಂದುಕೊಳ್ಳಬಾರದು. ಈಗ ಒಬ್ಬ ಹುಡುಗನಿದ್ದಾನೆ, ಇಪ್ಪತ್ತೇಳು ವರ್ಷ, ಎಲೆಕ್ಟ್ರಿಷಿಯನ್. ಕುತ್ತಿಗೆಯಲ್ಲಿ, ಹುರಿಯ ಒಳಗೇ ಇದ್ದ ಎಪೆಂಡಿಮೋಮಾ. ಅಂಥ ಗಡ್ಡೆ ತಲುಪಲು ಸಾಮಾನ್ಯವಾಗಿ ಹುರಿಯನ್ನು ಹಿಂಭಾಗದ ನಡುವಿನಲ್ಲಿ ಬಿಡಿಸಬೇಕು. ಕೈಕಾಲು ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಹೋಗುವುದು ಅದೇ ದಾರಿಯಲ್ಲಿ. ಅವನ ಕಾಲಿಗೆ ಶಕ್ತಿ ಪೂರ್ತಿ ಇದೆ. ಆದರೆ ಕೆಳಗೆ ನೋಡದೆ ಹೆಜ್ಜೆ ಇಟ್ಟರೆ ಬೀಳುತ್ತಾನೆ. ಕರೆಂಟ್ ಹೋದರೆ ಇದ್ದಲ್ಲೇ ಕೂತುಬಿಡುತ್ತಾನೆ. ಅಕ್ಕಪಕ್ಕದವರು "ಚೆನ್ನಾಗೇ ಇದಾನಲ್ಲ, ಕೆಲಸಕ್ಕೆ ಹೋಗಬಾರದಾ?" ಅಂತಾರೆ. ಅದು ಅವನನ್ನು ತುಂಬಾ ನೋಯಿಸುತ್ತದೆ. ಅಂಗೈ ಉರಿಗೆ ಪ್ರೆಗಾಬಲಿನ್ ತೆಗೆದುಕೊಳ್ಳುತ್ತಾನೆ, ಅರ್ಧ ಉರಿ ಹೋಗಿದೆ. ಗಡ್ಡೆ ಮತ್ತೆ ಬಂದಿದೆಯಾ ಅಂತ ನೋಡುವ ಎಂಆರ್‌ಐ ತಾರೀಖು ಹತ್ತಿರ ಬಂದರೆ ನಿದ್ದೆ ಮಾಡುವುದಿಲ್ಲ.

ಒಂದು ದಿನ ಅವನ ತಾಯಿ ಟೀ ಮಾಡಲು ಒಳಗೆ ಹೋದಾಗ ಮೆಲ್ಲಗೆ ಕೇಳಿದ, "ಅಕ್ಕ, ಮದುವೆ ಆಗಬಹುದಾ ನಾನು?" ಅವನು ಕೇಳುತ್ತಿದ್ದುದು ಏನು ಅಂತ ಅರ್ಥವಾಯಿತು. ಹುರಿಗೆ ಪೆಟ್ಟಾದರೆ ಲೈಂಗಿಕ ತೊಂದರೆ ಬರುವುದುಂಟು, ಅದಕ್ಕೂ ಔಷಧಿ ಇದೆ, ನಾಚಿಕೆ ಬೇಡ ಅಂದೆ. ಯೂರಾಲಜಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಹೋಗಿ ಬಂದ. ಅದಾದ ಮೇಲೆ ವ್ಯಾಯಾಮಕ್ಕೆ ನಾನು ಕರೆಯುವ ಮುಂಚೆಯೇ ಚಾಪೆ ಹಾಸಿರುತ್ತಾನೆ.

ಅವನ ಆಸೆ ಬೇರೆಯೇ. ಕತ್ತಲೆಯ ಅಟ್ಟದಲ್ಲಿ ನೋಡದೆ ವೈರ್ ಹಿಡಿದು ಕೆಲಸ ಮಾಡುತ್ತಿದ್ದ ಕೈ ಅದು. ಸದ್ಯಕ್ಕೆ ಕರೆಂಟಿನ ಹತ್ತಿರ ಹೋಗಬೇಡ ಅಂತ ಗಟ್ಟಿಯಾಗಿ ಹೇಳಿದ್ದೇನೆ. ಬದಲಿಗೆ ಒಂದು ಪಾತ್ರೆಯಲ್ಲಿ ಎರಡು ಸೇರು ಅಕ್ಕಿ ತುಂಬಿ, ಅದರೊಳಗೆ ಅವನದೇ ಪೆಟ್ಟಿಗೆಯ ಐದು ನಟ್ಟು, ಐದು ಸ್ಕ್ರೂ ಹೂಳುತ್ತೇವೆ. ಕಣ್ಣು ಮುಚ್ಚಿ ಹುಡುಕಬೇಕು, ಯಾವುದು ಅಂತ ಹೇಳಬೇಕು. ಮೊದಲ ವಾರ ಒಂದೂ ಸಿಗಲಿಲ್ಲ, ಅಕ್ಕಿ ಮಾತ್ರ ನೆಲದ ತುಂಬಾ. ಹೋದ ಗುರುವಾರ ಬಲಗೈಗೆ ಆರು ಸಿಕ್ಕವು. ನಾಲ್ಕರ ಹೆಸರು ಸರಿ ಹೇಳಿದ. ಎಡಗೈಗೆ ಇನ್ನೂ ಒಂದೇ.