ಹೊರದೇಶದಲ್ಲಿ ಅಕ್ಕಿತರಿ, ಕಾಚಂಪುಳಿ ಹುಡುಕುವವರಿಗೆ

ಕೊಡಗಿನಿಂದ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗಿರುವವರು ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸುವ ಅಕ್ಕಿತರಿಯ ಉಂಡೆ) ತರಿಗಾಗಿ ಭಾರತೀಯ ಅಂಗಡಿಗಳನ್ನೇ ಸುತ್ತುವ ಬದಲು ವಿಯೆಟ್ನಾಂ ಅಥವಾ ಥಾಯ್ ಅಂಗಡಿಯಲ್ಲಿ ನುಚ್ಚಕ್ಕಿ ಕೇಳುವುದು ಒಳ್ಳೆಯದು. ಅದನ್ನು ತೊಳೆದು, ಬಟ್ಟೆಯ ಮೇಲೆ ಆರಹಾಕಿ, ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಜರಡಿ ಹಿಡಿದರೆ ರವೆಯಂತಹ ತರಿ ಸಿಗುತ್ತದೆ. ಜಾಸ್ಮಿನ್ ಅಕ್ಕಿಯ ನುಚ್ಚು ತುಸು ಅಂಟುವುದರಿಂದ ನೀರನ್ನು ಕಡಿಮೆ ಹಾಕಬೇಕು.

ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಹುಳಿ) ಮಾತ್ರ ಊರಿನಿಂದಲೇ ಬರಬೇಕು ಎಂಬುದು ನನ್ನ ಅಭಿಪ್ರಾಯ. ಕೇರಳದವರ ಅಂಗಡಿಯ ಕುಡಂಪುಳಿ ಅದೇ ಜಾತಿಯ ಹಣ್ಣಿನದ್ದಾದರೂ, ಹೊಗೆಯಲ್ಲಿ ಒಣಗಿಸಿದ್ದಾದರೆ ಪಂದಿಕರಿಯ (ಕೊಡಗಿನ ಹಂದಿ ಮಾಂಸದ ಸಾರು) ರುಚಿಯೇ ಬೇರೆಯಾಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ, ಕೈಚೀಲದಲ್ಲಲ್ಲ, ಚೆಕ್‌-ಇನ್ ಪೆಟ್ಟಿಗೆಯಲ್ಲಿಡಿ (ಬಿಳಿ ಬಟ್ಟೆಗಳಿಂದ ದೂರ!). ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಜೊತೆಗೆ ಒಯ್ಯುವ ಆಹಾರ ಪದಾರ್ಥಗಳನ್ನು ಅಲ್ಲಿನ ಪ್ರವೇಶ ಘೋಷಣಾ ಪತ್ರದಲ್ಲಿ ತಪ್ಪದೇ ನಮೂದಿಸಬೇಕು. ಇಲ್ಲವಾದರೆ ದಂಡ ಬೀಳುತ್ತದೆ.