ದೂರದ ಸವಾರಿಗೆ ಬೈಕನ್ನು ನಾನೇ ಸಿದ್ಧ ಮಾಡಿಕೊಳ್ಳುವ ಬಗೆ: ನನ್ನ ಅನುಭವ

ಟೂರಿಂಗ್ ಬೈಕಿನ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ ಅಂದಾಗ ಜನ ಮೊದಲು ಕೇಳುವುದು, ಇದರಿಂದ ಎಷ್ಟು ದುಡ್ಡು ಉಳಿಯುತ್ತೆ ಅಂತ. ಸ್ವಲ್ಪ ಉಳಿಯುತ್ತದೆ. ನನಗೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಚೈನು ಎಷ್ಟು ಸಡಿಲ ಇರಬೇಕು, ಬ್ರೇಕ್ ಲಿವರ್ ಎಲ್ಲಿಗೆ ಬಂದು ಗಟ್ಟಿಯಾಗಬೇಕು, ಕ್ಲಚ್ ಎಲ್ಲಿ ಹಿಡಿಯಬೇಕು ಅನ್ನುವುದೆಲ್ಲ ಕೈಗೆ ರೂಢಿಯಾಗಿಬಿಡುತ್ತದೆ. ಆಮೇಲೆ ದಾರಿಯಲ್ಲಿ ಅದು ಚೂರು ಬದಲಾದರೂ ಗೊತ್ತಾಗುತ್ತದೆ. ಸಾಮಾನು ಹೇರಿಕೊಂಡು ಮನೆಯಿಂದ ನೂರಾರು ಕಿಲೋಮೀಟರ್ ದೂರ ಇರುವಾಗ ಹೀಗೆ ಮೊದಲೇ ಗೊತ್ತಾಗುವುದೇ ನನ್ನ ಪಾಲಿಗೆ ದೊಡ್ಡ ರಕ್ಷಣೆ.

ಎಲ್ಲ ಕೆಲಸಕ್ಕೂ ನಾನು ಕೈ ಹಾಕುವುದಿಲ್ಲ. ಚೈನು, ಟೈರು, ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ಕೇಬಲ್, ಬ್ಯಾಟರಿ ನನ್ನವು. ವಾಲ್ವ್ ಕ್ಲಿಯರೆನ್ಸ್, ಫೋರ್ಕ್ ಸೀಲ್, ಎಬಿಎಸ್ ಒಳಗಿನ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡುತ್ತೇನೆ. ಯಾವುದನ್ನೇ ಮಾಡಿ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಪಕ್ಕದಲ್ಲಿರಲಿ, ಎಷ್ಟು ಬಿಗಿ ಮಾಡಿದ್ದೇವೆ ಅಂತ ಅಳೆದು ತೋರಿಸುವ ಒಂದು ಟಾರ್ಕ್ ವ್ರೆಂಚ್ ಕೈಯಲ್ಲಿರಲಿ. ಆಕ್ಸಲ್ ನಟ್ಟು, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನ ಬೋಲ್ಟು, ಆಯಿಲ್ ಡ್ರೈನ್ ಬೋಲ್ಟು, ಈ ಮೂರನ್ನಂತೂ ಅಂದಾಜಿನ ಮೇಲೆ ಬಿಗಿ ಮಾಡಲೇಬಾರದು. ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತು ಬರುತ್ತದೆ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ತನಕ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಬೋಲ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಬೆಳಿಗ್ಗೆ ಹೊರಡುವಾಗ ಗಾಡಿಗೆ ಒಂದು ಸುತ್ತು ಬಂದು ಗೆರೆಗಳ ಮೇಲೆ ಕಣ್ಣು ಹಾಯಿಸಿದರೆ ಸಾಕು, ಸ್ಪ್ಯಾನರ್ ಹೊರಗೆ ತೆಗೆಯುವ ಅಗತ್ಯವೇ ಇರುವುದಿಲ್ಲ.

ಚೈನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಧೂಳು, ಮಳೆ, ಭಾರ ಎಲ್ಲದರ ಪೆಟ್ಟೂ ಅದಕ್ಕೇ. ನಾನು ಚೈನಿಗೆ ಎಣ್ಣೆ ಹಾಕುವುದು ದಿನದ ಸವಾರಿ ಮುಗಿದ ಮೇಲೆ, ಅದಿನ್ನೂ ಬಿಸಿ ಇರುವಾಗ. ಬಿಸಿ ಚೈನಿನೊಳಗೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ರಾತ್ರಿಯೆಲ್ಲ ಕೂತು ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹಾಕಿದರೆ ಅರ್ಧ ಎಣ್ಣೆ ರಿಮ್ಮಿಗೂ ಟೈರಿಗೂ ಸಿಡಿಯುತ್ತದೆ. ಸುಮಾರು 500 ಕಿ.ಮೀ.ಗೆ ಒಮ್ಮೆ ಈ ಕೆಲಸ. ಮಳೆಯಲ್ಲಿ ನೆನೆದರೆ ಅದೇ ದಿನ ಸಂಜೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಟ್ಟೆ ಸಿಕ್ಕಿಕೊಂಡರೆ ಅದರ ಹಿಂದೆಯೇ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ, ಎಳೆದುಕೊಳ್ಳುವಷ್ಟು ಪುರುಸೊತ್ತು ಸಿಗುವುದಿಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಷ್ಷು ಸಾಕು. ಪೆಟ್ರೋಲ್ ಬೇಡ, ತಂತಿ ಬ್ರಷ್ಷೂ ಬೇಡ. ಚೈನಿನ ಪಿನ್ನುಗಳ ಸುತ್ತ ಕಂಪನಿ ತುಂಬಿದ ಗ್ರೀಸನ್ನು ಹಿಡಿದಿಟ್ಟಿರುವುದು ಸಣ್ಣ ಸಣ್ಣ ರಬ್ಬರ್ ಓ-ರಿಂಗ್‌ಗಳು. ಅವು ಹಾಳಾದರೆ ಹೊರಗಿನಿಂದ ಎಷ್ಟು ಎಣ್ಣೆ ಸುರಿದರೂ ಆ ಜಾಗಕ್ಕೆ ಮುಟ್ಟುವುದಿಲ್ಲ. ಒರೆಸಿ ಒಣಗಿಸಿದ ಮೇಲೆ ಕೆಳಗಿನ ಸಾಲಿನ ಒಳಮೈಗೆ ಎಣ್ಣೆ ಬಿಡುತ್ತೇನೆ. ಓಡುವಾಗ ಅದು ತಾನಾಗಿಯೇ ಹೊರಕ್ಕೆ ಹರಡಿಕೊಳ್ಳುತ್ತದೆ.

ಚೈನಿನ ಸಡಿಲ ಅಳೆಯುವಾಗ ಒಂದೇ ಕಡೆ ನೋಡಿದರೆ ಸಾಲದು, ಅದು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಇಡೀ ಚೈನು ಒಂದು ಸುತ್ತು ಬರುವ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಕೆಳಗಿನಿಂದ ಬೆರಳಲ್ಲಿ ಎತ್ತಿ ನೋಡುತ್ತಾ ಹೋಗಿ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಿರಿ. ತುಂಬಾ ಗಾಡಿಗಳಿಗೆ 25ರಿಂದ 35 ಮಿ.ಮೀ. ಆಸುಪಾಸು ಇರುತ್ತದೆ, ಉದ್ದ ಸಸ್ಪೆನ್ಷನ್ ಇರುವ ಅಡ್ವೆಂಚರ್ ಗಾಡಿಗಳಿಗೆ ಇನ್ನೂ ಜಾಸ್ತಿ. ನಿಮ್ಮ ಗಾಡಿಯ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ.

ಒಮ್ಮೆ ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್ ಆಗಿ ಕೈಗೆ ಬಂದ ಗಾಡಿಯ ಚೈನು ತಂಬೂರಿಯ ತಂತಿ ಹಾಗೆ ಬಿಗಿಯಾಗಿತ್ತು. ಕಣ್ಣಿಗೆ ನೀಟಾಗಿಯೇ ಕಾಣುತ್ತಿತ್ತು. ಬೆರಳಲ್ಲಿ ಎತ್ತಿದೆ, ಏಳಲೇ ಇಲ್ಲ. ಅಲ್ಲೇ ನಿಂತು ಸಡಿಲ ಮಾಡಿಸಿಕೊಂಡೇ ಹೊರಟೆ. ಇದು ಸಣ್ಣ ವಿಷಯ ಅಲ್ಲ. ಇಬ್ಬರು ಕೂತು ಸಾಮಾನು ಹೇರಿದಾಗ ಹಿಂದಿನ ಸಸ್ಪೆನ್ಷನ್ ಕುಗ್ಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್ (ಹಿಂದಿನ ಚಕ್ರ ಹಿಡಿದ ತೋಳು ತಿರುಗುವ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಹೆಚ್ಚು ಬಿಗಿಯುತ್ತದೆ. ಆಗ ಬಿಟ್ಟುಕೊಡಲು ಸಡಿಲವೇ ಇಲ್ಲದಿದ್ದರೆ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗ್ ಎಳೆತ ತಿನ್ನುತ್ತದೆ, ಸಸ್ಪೆನ್ಷನ್ ಪೂರ್ತಿ ಕೆಲಸ ಮಾಡುವುದಿಲ್ಲ, ಚೈನು ಹರಿಯಲೂಬಹುದು. ಹರಿದ ಚೈನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಒಂದೆರಡು ಮಿ.ಮೀ. ಸಡಿಲ ಜಾಸ್ತಿ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಗಿ ಇದ್ದರೆ ಮಾತ್ರ ಗಾಡಿ ತೆಗೆಯುವುದಿಲ್ಲ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು, ನಮ್ಮದೇ ಗೇಜಿನಲ್ಲಿ. ಓಡಿದ ಮೇಲೆ ಬಿಸಿಗೆ ಪ್ರೆಷರ್ ಏರುವುದು ಸಹಜ. ಜಾಸ್ತಿಯಾಯಿತು ಅಂತ ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ. ಹಿಂದೆ ಜನ, ಸಾಮಾನು ಇದ್ದರೆ ಹಿಂದಿನ ಟೈರಿಗೆ ಬೇರೆ ಅಳತೆ ಇರುತ್ತದೆ, ಅದೂ ಮ್ಯಾನುಯಲ್‌ನಲ್ಲೇ ಇದೆ. ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ 2324 ಅಂತ ಇದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಆಳ ಇದ್ದರೂ ರಬ್ಬರ್ ಹಳೆಯದಾಗಿ ಗಟ್ಟಿಯಾಗಿದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ.

ಒಂದು ಸವಾರಿಯಲ್ಲಿ ತಿರುವುಗಳಲ್ಲಿ ಗಾಡಿಯ ಹಿಂಭಾಗ ಸ್ವಲ್ಪ ತಡವಾಗಿ ಹಿಂಬಾಲಿಸುತ್ತಿದೆ ಅನ್ನಿಸಿತು. ಅಲುಗಾಟ ಇಲ್ಲ, ಸದ್ದೂ ಇಲ್ಲ. ನಿಲ್ಲಿಸಿ ಗೇಜ್ ಇಟ್ಟರೆ ಗಾಳಿ ಇಳಿದಿತ್ತು, ಟೈರಿನ ನಡುವೆ ಒಂದು ಮೊಳೆ. ಟ್ಯೂಬ್‌ಲೆಸ್ ಆದ್ದರಿಂದ ಗಾಳಿ ನಿಧಾನವಾಗಿ ಹೋಗುತ್ತಿತ್ತು. ಮೊಳೆಯನ್ನು ತಕ್ಷಣ ಕೀಳಬಾರದು. ಮೊದಲು ತೂತು ಉಜ್ಜುವ ರೀಮರ್, ತೂತು ಮುಚ್ಚಲು ಅಂಟು ಹಚ್ಚಿ ಸೂಜಿಗೆ ಪೋಣಿಸಿದ ಪ್ಲಗ್ಗು, ಪಂಪು ಎಲ್ಲ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಅಂತ ನೋಡಿಕೊಂಡು, ಕಿತ್ತು, ಅದೇ ಓರೆಯಲ್ಲಿ ರೀಮರ್ ಆಡಿಸಿ, ಪ್ಲಗ್ಗಿನ ತುದಿಗಳು ಚೂರು ಹೊರಗೆ ಉಳಿಯುವಷ್ಟು ಒಳಗೆ ತಳ್ಳಿ, ಸೂಜಿಯನ್ನು ಒಂದೇ ಏಟಿಗೆ ಎಳೆದೆ. ಗಾಳಿ ತುಂಬಿ ಸೋಪಿನ ನೀರು ಹಾಕಿದಾಗ ಗುಳ್ಳೆ ಬರಲಿಲ್ಲ. ಆಮೇಲೆ ನಿಧಾನಕ್ಕೆ ಹೋಗಿ, ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಪಕ್ಕದ ಗೋಡೆಯಲ್ಲಿ ತೂತಾಗಿದ್ದರೆ ಪ್ಲಗ್ ಮಾಡಬೇಡಿ, ಟೈರನ್ನೇ ಬದಲಿಸಬೇಕು.

ಬ್ರೇಕ್ ಕೆಲಸ ಮಾಡುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಪ್ಯಾಡ್ ಬದಲಿಸುವಾಗ ಹೊರಗೆ ಬಂದಿರುವ ಪಿಸ್ಟನ್‌ಗಳನ್ನು ಮೊದಲು ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯುತ್ತೇನೆ. ಆ ಕಪ್ಪು ಧೂಳಿನ ಸಮೇತ ಒಳಗೆ ತಳ್ಳಿದರೆ ಸೀಲ್ ಹಾಳಾಗುತ್ತದೆ. ತಳ್ಳುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಫ್ಲೂಯಿಡ್ ಏರುತ್ತದೆ, ಅದರ ಮೇಲೆ ಕಣ್ಣಿರಲಿ, ಟ್ಯಾಂಕಿನ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬಿಡುತ್ತದೆ. ಎಲ್ಲ ಜೋಡಿಸಿದ ಮೇಲೆ, ಗಾಡಿ ಒಂದಿಂಚು ಕದಲಿಸುವ ಮುಂಚೆ, ಲಿವರ್ ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು. ಮೊದಲ ಒತ್ತಿಗೆ ಲಿವರ್ ಹ್ಯಾಂಡಲ್ ತನಕ ಬರುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಅದು ರಸ್ತೆಯಲ್ಲಿ ಆಗಬಾರದು. ಹೊಸ ಪ್ಯಾಡು ಡಿಸ್ಕಿಗೆ ಕೂರುವ ತನಕ ಮೆಲ್ಲಗೆ ಬ್ರೇಕ್ ಹಾಕಿ ಪಳಗಿಸಿಕೊಳ್ಳುತ್ತೇನೆ.

ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಗಾಡಿ ಓಡಿರಲಿ ಬಿಡಲಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಭಾರ ಹೇರಿದ ಗಾಡಿಯನ್ನು ಉದ್ದನೆಯ ಘಾಟಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಸಿದರೆ ಕ್ಯಾಲಿಪರ್ ವಿಪರೀತ ಕಾಯುತ್ತದೆ. ಫ್ಲೂಯಿಡ್ ಕುದಿದರೆ ಲೈನಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಕುಗ್ಗುತ್ತದೆ, ಲಿವರ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ನಾನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನ್ ಬ್ರೇಕಿಂಗ್ ಮೇಲೆ ಇಳಿಯುತ್ತೇನೆ. ತಿರುವಿಗೆ ಮುಂಚೆ ಬ್ರೇಕ್ ಹಿಡಿದು, ವೇಗ ಇಳಿದ ಮೇಲೆ ಪೂರ್ತಿ ಬಿಡುತ್ತೇನೆ. ಲಿವರ್ ಸ್ಪಂಜಿನಂತಾದರೆ ಅಲ್ಲೇ ನಿಲ್ಲಿಸಿ ತಣ್ಣಗಾಗಲು ಬಿಡಬೇಕು.

ಉಳಿದದ್ದು ಬೇಗ ಮುಗಿಯುವಂಥದ್ದು. ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಬೈಕ್ ಆಯಿಲಿನ ದರ್ಜೆಯ ಗುರುತು ಇರಬೇಕು, ಏಕೆಂದರೆ ಸಾಮಾನ್ಯವಾಗಿ ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕೆಲವು ಕಾರ್ ಆಯಿಲ್‌ಗಳಲ್ಲಿ ಕ್ಲಚ್ ಜಾರುತ್ತದೆ. ಬ್ಯಾಟರಿಗೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 14ರ ಹತ್ತಿರ ತೋರಿಸಿದರೆ ಸರಿ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದ್ದೇ ಹಾಕಿ, ದೊಡ್ಡದು ಹಾಕಿದರೆ ವೈರೇ ಸುಡುತ್ತದೆ. ಕ್ಲಚ್ ಕೇಬಲ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಸಾಮಾನು ಕಟ್ಟುವುದೂ ಮೇಂಟೆನೆನ್ಸ್ ಅಂತಲೇ ನನ್ನ ಎಣಿಕೆ. ಟೂಲ್ ಕಿಟ್, ನೀರಿನಂಥ ಭಾರದ್ದೆಲ್ಲ ಕೆಳಗೆ, ಗಾಡಿಯ ಮಧ್ಯಕ್ಕೆ ಹತ್ತಿರ ಇರಬೇಕು. ಹಿಂದಿನ ಟಾಪ್ ಬಾಕ್ಸಿನಲ್ಲಿ ಬಟ್ಟೆ, ಮಳೆ ಕೋಟು ಮಾತ್ರ. ಅಲ್ಲಿ ಭಾರ ತುಂಬಿದರೆ ಮುಂದಿನ ಚಕ್ರ ಹಗುರವಾಗಿ, ವೇಗದಲ್ಲಿ ಗಾಡಿ ಓಲಾಡಲು ಶುರು ಮಾಡುತ್ತದೆ. ಹಿಂದಿನ ಪ್ರಿಲೋಡ್ (ಸಸ್ಪೆನ್ಷನ್ ಸ್ಪ್ರಿಂಗಿನ ಮೊದಲ ಬಿಗಿ) ಏರಿಸಿ, ಆಮೇಲೆ ಹೆಡ್‌ಲೈಟ್ ಎತ್ತರ ನೋಡಿ. ಹಿಂದೆ ಕುಗ್ಗಿದರೆ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ, ನಮಗೆ ರಸ್ತೆ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದ ಗಾಡಿಯೂ ಲೆಕ್ಕಾಚಾರ ಮೀರಿ ನಿಲ್ಲುವುದಿಲ್ಲ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ, 90ರಲ್ಲಿ 25 ಮೀಟರ್. ಇದು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಕಳೆಯುವ ದೂರ. ಬ್ರೇಕ್ ಹಿಡಿದ ಮೇಲೆ 90ರಿಂದ ನಿಲ್ಲಲು 60ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ದೂರ ಬೇಕು. ಹಾಗಾಗಿ ಮುಂದಿನ ವಾಹನದಿಂದ ಕನಿಷ್ಠ ಎರಡು ಸೆಕೆಂಡ್ ಅಂತರ ಇಡುತ್ತೇನೆ, ಮಳೆಯಲ್ಲಿ, ಭಾರ ಇದ್ದಾಗ ನಾಲ್ಕು. ಮಳೆ ಶುರುವಾದ ಮೊದಲ ಕೆಲವು ನಿಮಿಷ ರಸ್ತೆಯ ಎಣ್ಣೆ, ಧೂಳು ಎಲ್ಲ ಮೇಲೆದ್ದು ಜಾರುತ್ತದೆ. ಸಾಧ್ಯವಾದರೆ ಆಗ ನಿಂತುಬಿಡುವುದು ಮೇಲು.

1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಿನ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ ಒಂದು ವರದಿ ಕೊಟ್ಟಿತು. ಬೇರೆ ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ವಾಹನದವರು ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದರಿಂದ ಆಗಿದ್ದವು. ಇದನ್ನು ಓದಿದ ಮೇಲೆ ಕೂಡುರಸ್ತೆಗಳಲ್ಲಿ ನನ್ನ ಅಭ್ಯಾಸ ಬದಲಾಯಿತು. ಎದುರಿನವರು ನನ್ನನ್ನು ನೋಡಿಲ್ಲ ಅಂತಲೇ ಇಟ್ಟುಕೊಂಡು ಆಕ್ಸಿಲರೇಟರ್ ಬಿಡುತ್ತೇನೆ, ಎರಡು ಬೆರಳು ಮುಂದಿನ ಬ್ರೇಕ್ ಮೇಲಿರುತ್ತವೆ. ಅವರ ಕಣ್ಣಿಗಿಂತ ಮುಂದಿನ ಚಕ್ರವನ್ನು ನೋಡುತ್ತೇನೆ. ಗಾಡಿ ಕದಲಿದರೆ ಮೊದಲು ತಿಳಿಸುವುದು ಅದೇ.

ಇನ್ನು ದಣಿವು. ದಣಿದದ್ದು ನಮಗೇ ಬೇಗ ಗೊತ್ತಾಗುವುದಿಲ್ಲ. ಗೇರ್ ಬದಲಿಸುವಾಗ ಜರ್ಕ್ ಬರತೊಡಗಿದರೆ, ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಮುಟ್ಟುವಂತಾದರೆ, ಇಂಡಿಕೇಟರ್ ಆಫ್ ಮಾಡಲು ಮರೆತರೆ ನನ್ನ ಪಾಲಿಗೆ ಅದೇ ಗುರುತು. ಸುಮಾರು ಒಂದೂವರೆ ಗಂಟೆಗೆ ಒಮ್ಮೆ ಸುಮ್ನೆ ನಿಲ್ಲುತ್ತೇನೆ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯುತ್ತೇನೆ. ನಿಂತಾಗ ಚಕ್ರಗಳ ಹಬ್ಬಿನ ಹತ್ತಿರ ಕೈ ಒಡ್ಡಿ ಬಿಸಿ ನೋಡುತ್ತೇನೆ. ಮಾಮೂಲಿಗಿಂತ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು, ಇಲ್ಲವೇ ಬೇರಿಂಗ್ ಹೋಗುತ್ತಿರಬಹುದು. ಕತ್ತಲಾಗುತ್ತಾ ಬಂದು, ಮೈಯೂ ಸೋತು, ಬುಕ್ ಮಾಡಿದ ಜಾಗ ಇನ್ನೂ 80 ಕಿ.ಮೀ. ದೂರ ಇದ್ದರೆ ಅಲ್ಲಿಯ ದುಡ್ಡು ಹೋಯಿತು ಅಂತ ಬಿಟ್ಟು, ಹತ್ತಿರದಲ್ಲಿ ಸಿಕ್ಕ ಕಡೆ ಉಳಿದುಕೊಳ್ಳುತ್ತೇನೆ.